ಪರದೆಗೆ ದಾನಿಗಳುಂಟು, ಗುರುವಿಗೆ?

ಪಾಠಶಾಲೆಗೊಂದು ದೊಡ್ಡ ಪರದೆಯನ್ನು ಕೊಡಿಸಿ, ಅದರ ಕೆಳಗೆ ಹೆಸರು ಬರೆಸಿದೊಡನೆ ಶಾಸ್ತ್ರದಾನದ ಪುಣ್ಯ ಕೈಸೇರಿತೆಂದು ಭಾವಿಸುವ ಶ್ರಾವಕರ ಸಂಖ್ಯೆ ಹೆಚ್ಚುತ್ತಿದೆ. ಪರದೆಯಲ್ಲಿ ದೋಷವಿಲ್ಲ. ಅದು ಬಂದ ಮೇಲೆ ಉಪಾಧ್ಯಾಯರು ಏತಕ್ಕೆ ಎಂಬ ಎಣಿಕೆಯಲ್ಲಿ ದೋಷವಿದೆ.

ಮೂಡಿಗೆರೆ, ಕಳಸದ ಸೀಮೆ ಇದರ ಫಲವನ್ನು ಒಮ್ಮೆ ಉಂಡಿದೆ. 2020ರಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿಗೆ ಇಳಿಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಗುಡ್ಡವೇರಿ, ಮಳೆಯಲ್ಲಿ ಕೊಡೆ ಹಿಡಿದು ಕುಳಿತುದನ್ನು ನಾಡೇ ಕಂಡಿತು. ತೋಟದ ಲೈನ್ ಮನೆಯಲ್ಲಿ ಇರುವ ಒಂದೇ ಫೋನು ತಂದೆಯೊಡನೆ ಕೆಲಸಕ್ಕೆ ಹೊರಟರೆ, ಶಾಲೆಯೂ ಅದರೊಡನೆ ಹೊರಟಂತೆಯೇ. ಆ ವರ್ಷದ ಆಗಸ್ಟ್‌ನಲ್ಲಿ ಸರಕಾರವು ‘ವಿದ್ಯಾಗಮ’ ಯೋಜನೆಯಿಂದ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ಗುಡಿಯ ಜಗಲಿ, ಮರದ ನೆರಳು ಶಾಲೆಗಳಾದವು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಯಂತ್ರ ಕೈಕೊಟ್ಟಾಗ ಎಲ್ಲರಿಗೂ ನೆನಪಾದವರು ಗುರುಗಳೇ.

ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶವೆಂದು ಐದು ಬಗೆಯಾಗಿ ಹೇಳಿದೆ. ವಾಚನೆಗೆ ಯಂತ್ರವು ನೆರವಾದೀತು. ಆಮ್ನಾಯವನ್ನು, ಎಂದರೆ ಶುದ್ಧೋಚ್ಚಾರದ ಆವೃತ್ತಿಯನ್ನು, ಬೇಸರಿಸದೆ ನೂರು ಬಾರಿ ಮಾಡಿಸೀತು. ಈ ಕಾರ್ಯದಲ್ಲಿ ಅದು ಮುಂಗೋಪಿ ಉಪಾಧ್ಯಾಯರಿಗಿಂತ ಮೇಲು. ಪೃಚ್ಛನೆಯ ಮಾತು ಬೇರೆ. ಇಂದಿನ ಕೃತಕ ಬುದ್ಧಿಮತ್ತೆಯು ಕೇಳಿದುದಕ್ಕೆಲ್ಲ ಉತ್ತರ ಕೊಡುತ್ತದೆ, ನಿಜ. ಕೇಳಲು ಅರಿಯದೆ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿದ ಮಗುವನ್ನು ಕಂಡು ‘ಎಲ್ಲಿ ತಿಳಿಯಲಿಲ್ಲ, ಮಗು?’ ಎನ್ನುವವರು ಯಾರು? ಇದೇ ತಾಲ್ಲೂಕಿನ ಅಂಗಡಿಯಲ್ಲಿ, ಅಂದಿನ ಸೊಸೆವೂರಿನಲ್ಲಿ, ಹುಲಿ ಎರಗಿದಾಗ ಸುದತ್ತ ಮುನಿಗಳು ಸಳನಿಗೆ ‘ಹೊಯ್’ ಎಂದರೆಂಬುದು ಐತಿಹ್ಯ. ಗುರು ಎದುರಿಗಿದ್ದುದರಿಂದ ಆ ಮಾತು ಹೊತ್ತಿಗೆ ಒದಗಿತು. ಇನ್ನು ಅನುಪ್ರೇಕ್ಷೆಗೆ ಬೇಕಾದ ಮೌನವನ್ನು, ಕ್ಷಣಕ್ಕೊಂದು ಚಿತ್ರ ಬದಲಿಸುವ ಪರದೆ ಕೊಡಲಾರದು.

ಹಾಗೆಂದು ಯಂತ್ರವೆಲ್ಲ ಪಾಪವೆನ್ನುವವರ ವಾದವೂ ನಿಲ್ಲದು. ಮೂಡುಬಿದಿರೆಯ ಧವಲಾದಿ ತಾಳೆಗರಿಗಳು ದೀರ್ಘಕಾಲ ದರ್ಶನಕ್ಕೆ ದೊರೆತವೇ ಹೊರತು ಅಧ್ಯಯನಕ್ಕಲ್ಲ. ಪ್ರತಿಗಳಾಗಿ, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮವು ಧವಲಾ ಟೀಕೆಯೊಡನೆ ಅಚ್ಚಾಗತೊಡಗಿದ ಮೇಲೆ ಅವು ಓದುವವರ ಕೈಗೆ ಬಂದವು. ಆಗಮಗಳನ್ನು ಅಚ್ಚು ಹಾಕಬಾರದೆಂದು ತಡೆದವರೂ ಸಮಾಜದಲ್ಲಿದ್ದರು. ಅವರ ಮಾತು ನಡೆದಿದ್ದರೆ ಗತಿಯೇನಾಗುತ್ತಿತ್ತು? ಆದರೂ ಅಚ್ಚಾದ ಸಂಪುಟಗಳು ಬಸದಿಯ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತರೆ, ಬಿಡಿಸಿ ಹೇಳುವವರಿಲ್ಲದಿದ್ದರೆ, ತಾಳೆಗರಿಗೂ ಅವಕ್ಕೂ ಭೇದವೇನು?

ಟ್ರಸ್ಟುಗಳ ಲೆಕ್ಕಪುಸ್ತಕವನ್ನೇ ತೆರೆದು ನೋಡಬಹುದು. ಪರದೆಯು ಬಂಡವಾಳ ವೆಚ್ಚ. ಉದ್ಘಾಟನೆಗೆ ಹಾರವುಂಟು, ಹೆಸರುಂಟು, ಮರುವರ್ಷದಿಂದ ಸವಕಳಿ. ಉಪಾಧ್ಯಾಯರ ಸಂಬಳ ತಿಂಗಳು ತಿಂಗಳು ಬರುವ ಖರ್ಚು; ಅದರ ಮೇಲೆ ಯಾರ ಹೆಸರನ್ನೂ ಕೆತ್ತಲಾಗದು, ಆದುದರಿಂದ ದಾನಿಗಳಿಲ್ಲ. ಯಂತ್ರಕ್ಕೆ ಒಂದು ರೂಪಾಯಿ ಬರೆಯುವ ಮುನ್ನ, ಬಡ್ಡಿಯಿಂದಲೇ ಒಬ್ಬ ಉಪಾಧ್ಯಾಯರ ಸಂಬಳ ಸಾಗುವಷ್ಟು ಠೇವಣಿಯನ್ನು ಪ್ರತಿ ಟ್ರಸ್ಟೂ ಬೇರೆ ತೆಗೆದಿಡಲಿ. ಕಾಫಿಗೆ ಒಳ್ಳೆಯ ಧಾರಣೆ ಬಂದ 2024–25ರಂತಹ ಸಾಲಿನಲ್ಲೂ ಇದಕ್ಕೆ ಹಣವಿಲ್ಲವೆಂದರೆ, ಈ ಗುಡ್ಡಗಾಡಿನಲ್ಲಿ ಯಾರೂ ನಂಬರು.