ಓದಲಾರದ ಜಾಣ

ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ನರು 1896ರಲ್ಲಿ 14 ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. ಪರ್ಸಿ ಎಂಬ ಆ ಹುಡುಗ ತನ್ನ ಹೆಸರನ್ನೇ ಅಕ್ಷರ ಅದಲುಬದಲಾಗಿ ‘ಪ್ರೆಸಿ’ ಎಂದು ಬರೆದಿದ್ದನು. ಎರಡು ಮೂರು ಸಲ ಎಚ್ಚರಿಸುವವರೆಗೆ ತಪ್ಪು ಅವನಿಗೆ ಕಾಣಲೇ ಇಲ್ಲ. ಆದರೆ 749ನ್ನು 867ರಿಂದ ಗುಣಿಸೆಂದರೆ ಬೇಗನೆ ಗುಣಿಸಿ ಸರಿಯಾದ ಉತ್ತರ ಕೊಟ್ಟನು! ಪಾಠವೆಲ್ಲ ಬಾಯಿಮಾತಿನಲ್ಲಿ ನಡೆದರೆ ಶಾಲೆಗೆ ಇವನೇ ಜಾಣನೆಂದು ಉಪಾಧ್ಯಾಯರೇ ಹೇಳಿದ್ದರಂತೆ. ಈ ತೊಡಕಿಗೆ ಇಂದು ಡಿಸ್ಲೆಕ್ಸಿಯಾ ಎಂದು ಹೆಸರು.

ಪರ್ಸಿಯಂಥವರು ಕನ್ನಡ ಶಾಲೆಗಳಲ್ಲಿಯೂ ಇದ್ದಾರೆ. ಒತ್ತಕ್ಷರ ಬಂದೊಡನೆ ತಡವರಿಸುವ, ದೀರ್ಘವನ್ನು ನುಂಗುವ ಹುಡುಗನಿಗೆ ದೊರೆಯುವುದು ‘ಸೋಮಾರಿ’ ಎಂಬ ಬಿರುದು. ಜೊತೆಗೆ ಪಾಠವನ್ನು ಹತ್ತು ಸಲ ಬರೆಯುವ ಶಿಕ್ಷೆ. ಇದರಿಂದ ಕೈ ಸೋಲುವುದೇ ಹೊರತು ಅಕ್ಷರ ಕೂಡಿಬರುವುದಿಲ್ಲ. ಅವನಿಗೆ ಬೇಕಾದುದು ಒಂದೊಂದು ಧ್ವನಿಯನ್ನೂ ಅದರ ಅಕ್ಷರದೊಡನೆ ನಿಧಾನವಾಗಿ, ಮತ್ತೆ ಮತ್ತೆ ಜೋಡಿಸಿ ಕಲಿಸುವ ಪಾಠ. ಮನೆಯಲ್ಲಿ ಚರಿತ್ರೆಯ ಪಾಠವನ್ನು ತಾಯಿ ಓದಿ ಹೇಳಲಿ, ಮಗ ಬಾಯಲ್ಲಿ ಉತ್ತರಿಸಲಿ, ಅದು ಮೋಸವಲ್ಲ. ನೆಂಟರ ಮುಂದೆ ಮಗನಿಂದ ಗಟ್ಟಿಯಾಗಿ ಓದಿಸುವ ಚಪಲವನ್ನು ಮಾತ್ರ ತಂದೆ ಬಿಡಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕಲಿಕೆಯ ಇಂಥ ನ್ಯೂನತೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅರ್ಹ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶ ದೊರೆಯುತ್ತದೆ, ಅಗತ್ಯವಿದ್ದರೆ ಉತ್ತರ ಬರೆದುಕೊಡುವ ಸಹಾಯಕನೂ ಸಿಗುತ್ತಾನೆ. ಆದರೆ ಅದಕ್ಕೆ ಪ್ರಮಾಣಪತ್ರ ಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆ ಎದುರಿಗೆ ಬಂದು ನಿಂತಾಗ ಆಸ್ಪತ್ರೆಗೆ ಓಡುವುದಕ್ಕಿಂತ, ಮೂರನೆಯ ನಾಲ್ಕನೆಯ ತರಗತಿಯಲ್ಲಿಯೇ ಮಗುವನ್ನು ಮನಶ್ಶಾಸ್ತ್ರಜ್ಞರಿಗೆ ತೋರಿಸುವುದು ಲೇಸು.