ಎರಡಾಣೆ ಕೂಡಿಟ್ಟ ಊರಿನಲ್ಲಿ ಸಾಲದ ಕಾರ್ಡು

ಕಾಪುವಿನ ಪರಿಚಿತರೊಬ್ಬರು ಮಣಿಪಾಲದ ಅಂಗಡಿಯೊಂದರಿಂದ 50 ಸಾವಿರ ರೂಪಾಯಿಯ ಫ್ರಿಜ್ ತಂದರು. ಕೈಯಲ್ಲಿ ಹಣವಿರಲಿಲ್ಲ, ಕ್ರೆಡಿಟ್ ಕಾರ್ಡ್ ಇತ್ತು. ಮನೆಯಲ್ಲಿದ್ದ ಫ್ರಿಜ್ ಕೆಟ್ಟಿರಲೂ ಇಲ್ಲ; ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು, ಅಷ್ಟೆ. ಶುಕ್ರವಾರ ಮೊದಲ ಸಾಲಿನಲ್ಲಿ ಕುಳಿತು ಖುತ್ಬಾ ಕೇಳುವ, ಬಡ್ಡಿಯೆಂದರೆ ಕಿವಿ ಮುಚ್ಚಿಕೊಳ್ಳುವ ಮನುಷ್ಯ. ‘ತಿಂಗಳಿಗೆ ಎರಡೂವರೆ ಸಾವಿರ ಕಟ್ಟಿದರೆ ಸಾಕಂತೆ, ತೊಂದರೆಯೇನಿಲ್ಲ’ ಎಂದು ಅವರು ನೆಮ್ಮದಿಯಿಂದಲೇ ಹೇಳಿದರು.

ತೊಂದರೆ ಇದೆಯೇ ಇಲ್ಲವೇ ಎಂಬುದನ್ನು ಲೆಕ್ಕವೇ ಹೇಳಲಿ. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಸಾಮಾನ್ಯವಾಗಿ ಕಾಣಿಸುವುದು ಬಾಕಿಯ ಶೇ. 5. ಅಂದರೆ 2,500 ರೂಪಾಯಿ. ಅದನ್ನು ಕಟ್ಟಿದ ಮೇಲೆ ಉಳಿಯುವುದು 47,500. ತಿಂಗಳಿಗೆ ಶೇ. 3.5ರ ದರದಲ್ಲಿ ಇದರ ಬಡ್ಡಿ 1,662 ರೂಪಾಯಿ, ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 299 ರೂಪಾಯಿ. ಮುಂದಿನ ತಿಂಗಳ ಬಿಲ್ಲು 49,461. ಎರಡೂವರೆ ಸಾವಿರ ಕೈಬಿಟ್ಟು ಹೋಯಿತು, ಸಾಲ ಇಳಿದದ್ದು 539 ರೂಪಾಯಿ! ಹೀಗೆಯೇ 12 ತಿಂಗಳು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸುಮಾರು 28 ಸಾವಿರ ಪಾವತಿಸಿದ ಬಳಿಕವೂ ಸುಮಾರು 44 ಸಾವಿರ ಬಾಕಿ ನಿಂತಿರುತ್ತದೆ. ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೆ ಬಡ್ಡಿರಹಿತ ಅವಧಿಯೂ ಸಿಗುವುದಿಲ್ಲವಾದ್ದರಿಂದ, ಪೆಟ್ರೋಲು, ಔಷಧಿ, ಮಕ್ಕಳ ಪುಸ್ತಕ ಎಲ್ಲವೂ ಅದೇ ಸುಳಿಗೆ ಸೇರುತ್ತವೆ. ಅದೇ 2,500 ರೂಪಾಯಿಯನ್ನು ಮನೆಯಲ್ಲೇ ಎತ್ತಿಟ್ಟಿದ್ದರೆ 20 ತಿಂಗಳಲ್ಲಿ ಫ್ರಿಜ್ ಮನೆಗೆ ಬರುತ್ತಿತ್ತು, ಸಾಲವಿಲ್ಲದೆ.

‘ನಾನು ಗಡುವಿನೊಳಗೆ ಪೂರ್ತಿ ಕಟ್ಟುತ್ತೇನೆ, ಒಂದು ಪೈಸೆ ಬಡ್ಡಿ ಕೊಡುವುದಿಲ್ಲ’ ಎನ್ನುವವರಿದ್ದಾರೆ. ಹಾಗೆ ಮಾಡುವವರನ್ನು ನಾನೂ ಬಲ್ಲೆ. ಅವರ ಶಿಸ್ತನ್ನು ಅಲ್ಲಗಳೆಯಲಾರೆ. ಆದರೆ ತಡವಾದರೆ ಬಡ್ಡಿ ಕೊಡುತ್ತೇನೆಂಬ ಕರಾರಿಗೆ ಸಹಿ ಹಾಕಿದ ಮೇಲಲ್ಲವೇ ಕಾರ್ಡು ಕೈಗೆ ಬರುವುದು? ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು 2000ದ ಸೆಪ್ಟೆಂಬರ್‌ನಲ್ಲಿ ರಿಯಾದ್‌ನಲ್ಲಿ ಸೇರಿದಾಗ ಇದೇ ಪ್ರಶ್ನೆಯನ್ನೆತ್ತಿಕೊಂಡಿತು. ಬಡ್ಡಿಯ ಷರತ್ತಿರುವ ಸಾಲದ ಕಾರ್ಡು, ಗಡುವಿನೊಳಗೆ ತೀರಿಸುವ ಉದ್ದೇಶವಿದ್ದರೂ ಸಮ್ಮತವಲ್ಲ ಎಂದು ನಿರ್ಣಯಿಸಿತು. ಭಿನ್ನಾಭಿಪ್ರಾಯ ಇರುವ ವಿದ್ವಾಂಸರೂ ಇದ್ದಾರೆ. ಆದರೆ ನಮ್ಮಲ್ಲಿ ಎಷ್ಟು ಮಂದಿ ಆ ಚರ್ಚೆಯನ್ನು ಓದಿ ಕಾರ್ಡು ಪಡೆದರು? ಬಹುತೇಕರು ಉಚಿತವಾಗಿ ಸಿಕ್ಕಿತೆಂದು ಪಡೆದರು.

ಉಡುಪಿಯ ನೆಲದಲ್ಲಿ ನಿಂತು ಈ ಮಾತು ಬರೆಯುವಾಗ ನಾಚಿಕೆಯಾಗುತ್ತದೆ. 1906ರ ಮಾರ್ಚ್ 12ರಂದು ಇದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಆರಂಭಿಸಿದರು. ಮೂಲ ಬಂಡವಾಳ 5 ಸಾವಿರ ರೂಪಾಯಿ. ಮೊದಲ ದಿನ ಕೂಡಿದ ಹಣ 38 ರೂಪಾಯಿ 13 ಆಣೆ 2 ಪೈ. ಜಾತಿ-ಮತ ಭೇದವಿಲ್ಲದೆ ಎಲ್ಲರಲ್ಲೂ ಮಿತವ್ಯಯದ ಮತ್ತು ಪರಸ್ಪರ ಸಹಕಾರದ ಅಭ್ಯಾಸ ಬೆಳೆಸುವುದೇ ಮುಖ್ಯ ಗುರಿ ಎಂದು ಅವರು ತಮ್ಮ ಮನವಿಯಲ್ಲಿ ಜನರಿಗೆ ತಿಳಿಸಿದ್ದರು. ಸಾಲ ಮಾಡಿರೆಂದಲ್ಲ, ಉಳಿಸಿರೆಂದು ಕರೆದ ಮುಸ್ಲಿಮ್ ವರ್ತಕ ಅವರು. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು.

1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ ಹಾಗೂ ಡಾ. ಟಿ.ಎಂ.ಎ. ಪೈ ಉಡುಪಿಯಲ್ಲೇ ಕಟ್ಟಿದ ಸಂಸ್ಥೆ, ಮುಂದೆ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಯೋಜನೆ ತಂದಿತು. ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಸ್ವೀಕರಿಸುತ್ತಿದ್ದರು. ಎಂಟು ದಿನಕ್ಕೆ ಒಂದು ರೂಪಾಯಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರ ಬಾಗಿಲಿಗೇ ಬ್ಯಾಂಕು ನಡೆದು ಬಂತು. ಈಗಲೂ ಬಾಗಿಲಿಗೆ ಏಜೆಂಟರು ಬರುತ್ತಾರೆ, ಫೋನಿನಲ್ಲೂ ಬರುತ್ತಾರೆ. ಎರಡಾಣೆ ಕೊಂಡುಹೋಗಲಿಕ್ಕಲ್ಲ, ಎರಡು ಲಕ್ಷದ ಸಾಲದ ಮಿತಿಯನ್ನು ಕೈಗಿಟ್ಟುಹೋಗಲಿಕ್ಕೆ.

ಓದುಗರೊಬ್ಬರು ತಡೆದು ಕೇಳಬಹುದು: ಆ ಬ್ಯಾಂಕುಗಳ ವ್ಯವಹಾರವೂ ಬಡ್ಡಿಯದ್ದೇ ಅಲ್ಲವೇ? ಹೌದು. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ನಾನು ಎತ್ತಿ ಹೇಳುತ್ತಿರುವುದು ಬಡ್ಡಿಯನ್ನಲ್ಲ, ದಿನಕ್ಕಿಷ್ಟು ಎತ್ತಿಡುವ ಅಭ್ಯಾಸವನ್ನು. ಆ ಅಭ್ಯಾಸಕ್ಕೆ ಬಡ್ಡಿ ಬೇಕಾಗಿಯೇ ಇಲ್ಲ. ನಮ್ಮ ತಾಯಂದಿರು ಅಕ್ಕಿ ಡಬ್ಬಿಯಲ್ಲಿ ಹಣ ಬಚ್ಚಿಟ್ಟು ಮಗಳಿಗೆ ಬಳೆ ಮಾಡಿಸಿದರು. ನೆರೆಹೊರೆಯ ಹತ್ತು ಹೆಂಗಸರು ಸೇರಿ, ಹರಾಜಿಲ್ಲದೆ ಚೀಟಿಯೆತ್ತಿ ಹಣ ಹಂಚಿಕೊಳ್ಳುವ ಪದ್ಧತಿಯಲ್ಲಿ ಯಾರೂ ಯಾರಿಗೂ ಒಂದು ಪೈಸೆ ಹೆಚ್ಚು ಕೊಡಬೇಕಿಲ್ಲ. ದಿನಕ್ಕೆ ನೂರು ರೂಪಾಯಿಯಂತೆ 500 ದಿನಗಳಲ್ಲಿ ಆ ಫ್ರಿಜ್ಜಿನ 50 ಸಾವಿರ ಕೂಡುತ್ತದೆ.

ಸರಕಾರವಾಗಲಿ ನ್ಯಾಯಾಲಯವಾಗಲಿ ಕಾಪಾಡೀತೆಂದು ಕಾದು ಕೂರುವಂತಿಲ್ಲ. ಶೇ. 30ಕ್ಕಿಂತ ಹೆಚ್ಚಿನ ವಾರ್ಷಿಕ ಬಡ್ಡಿ ಅನುಚಿತ ವ್ಯಾಪಾರವೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಮ್ ಕೋರ್ಟ್ ಆ ತೀರ್ಪನ್ನು ರದ್ದುಪಡಿಸಿತು. ಇತ್ತ 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಲು ಅನುಮತಿ ದೊರೆತು, ಮೊಬೈಲು ತೋರಿಸಿ ಸಾಲದಲ್ಲಿ ಖರೀದಿಸುವುದು ಸಲೀಸಾಯಿತು. 2024ರಲ್ಲಿ ದೇಶದ ಕ್ರೆಡಿಟ್ ಕಾರ್ಡುಗಳ ಸಂಖ್ಯೆ 10 ಕೋಟಿ ದಾಟಿತು. ಇದನ್ನು ಪ್ರಗತಿಯೆಂದು ಕೊಂಡಾಡುವವರು ಆ ಕಾರ್ಡುಗಳ ಹಿಂದಿರುವ ಮನೆಗಳನ್ನೂ ಒಮ್ಮೆ ಹೊಕ್ಕು ನೋಡಲಿ.

ಆದರೆ ದೂರನ್ನು ಬ್ಯಾಂಕಿನ ಬಾಗಿಲಿಗೆ ಹಾಕಿ ನಾವು ಪಾರಾಗುವಂತಿಲ್ಲ. ಫ್ರಿಜ್ ಬೇಕೆಂದು ಆ ತಂದೆಗೆ ಹೇಳಿದವರು ಯಾರು? ಕಾರ್ಕಳದಲ್ಲೋ ಕಾಪುವಿನಲ್ಲೋ ಮದುವೆ ನಿಶ್ಚಯವಾದೊಡನೆ ಹಾಲ್, ಬಿರಿಯಾನಿ, ಚಿನ್ನ, ಗಂಡಿಗೆ ಬೈಕು ಎಂದು ಪಟ್ಟಿ ಬೆಳೆಸುವವರು ನಾವೇ. ಗಲ್ಫಿನಲ್ಲಿ ದುಡಿಯುವ ಮಗ ಎರಡು ವರ್ಷಕ್ಕೊಮ್ಮೆ ಬರುವಾಗ ಸೂಟ್‌ಕೇಸ್ ತೂಗಿ ಅವನ ಯೋಗ್ಯತೆ ಅಳೆಯುವವರೂ ನಾವೇ. ಮಿಂಬರ್‌ನಿಂದ ಬಡ್ಡಿಯನ್ನು ಖಂಡಿಸುವ ನನ್ನ ಉಲಮಾ ಬಂಧುಗಳು ಅದೇ ಸಾಲದ ಮದುವೆಯ ಔತಣದಲ್ಲಿ ಮೊದಲ ಪಂಕ್ತಿಗೆ ಕೂರುತ್ತಾರೆ. ಮದ್ರಸಾದಲ್ಲಿ ಅವರೊಂದಿಗೇ ಕಲಿತವನಾದ್ದರಿಂದ ಇಷ್ಟು ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಸಾಲವಿಟ್ಟು ಮೃತನಾದವನ ಜನಾಝಾ ನಮಾಝ್ ನಿರ್ವಹಿಸಲು ಪ್ರವಾದಿ(ಸ) ಹಿಂಜರಿದರು. ಅಬೂ ಕತಾದ(ರ) ಆ ಸಾಲವನ್ನು ತಾವು ವಹಿಸಿಕೊಂಡ ಬಳಿಕವೇ ಮುಂದೆ ನಿಂತರು. ಈ ಘಟನೆಯನ್ನು ನಾವೆಲ್ಲ ಕಂಠಪಾಠ ಮಾಡಿದವರು.

ಕಾಪುವಿನ ಆ ಸಂಬಂಧ ಕುದುರಲಿಲ್ಲ. ಬಂದವರು ಚಾ ಕುಡಿದು ಹೋದರು. ಕಂತು ನಡೆಯುತ್ತಿದೆ.