ಗಾಲಿಯ ಮನೆಯಲ್ಲಿ ದೀಪವಾರಿದ ರಾತ್ರಿ

ಡೊಂಬಿವಲಿಯ ಕನ್ನಡ ಗೃಹಸ್ಥನಿಗೆ ಎರಡು ಮನೆಗಳು. ಒಂದು ಇಲ್ಲಿಯ ಬಾಡಿಗೆಯ ಬ್ಲಾಕು. ಇನ್ನೊಂದು ಊರಿನ ಹಳೆಯ ಮನೆ. ಈ ಎರಡರ ನಡುವೆ ಮೂರನೆಯದೊಂದು ಮನೆಯಲ್ಲಿ, ಅಂದರೆ ನಾಲ್ಕು ಗಾಲಿಗಳ ಮೇಲೆ ಓಡುವ ಮನೆಯಲ್ಲಿ, ಒಂದು ರಾತ್ರಿ ಕಳೆಯುವ ಯೋಗ ನನಗೆ ಈ ಸಲ ಒದಗಿತು. ಆ ರಾತ್ರಿ ಕಲಿತದ್ದನ್ನು ವಾಚಕ ಬಂಧುಗಳ ಮುಂದಿಡುವುದು ಈ ಸಂಚಿಕೆಯ ನನ್ನ ಕೆಲಸ. ನಾನೇನೂ ಇಂಜಿನಿಯರನಲ್ಲ. ಬಿ.ಎ. ಪಾಸು ಮಾಡಿ ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವ ಗುಮಾಸ್ತ. ಆದರೆ ಕೊನೆಗೆ ಕೆಲಸಕ್ಕೆ ಬಂದದ್ದು ಆ ಗುಮಾಸ್ತಿಕೆಯೇ ಎಂಬುದನ್ನು ಮುಂದೆ ನೋಡುವಿರಿ.

ನಮ್ಮ ಅವ್ವನಿಗೆ ಎಪ್ಪತ್ತೆಂಟು. ಮೊಣಕಾಲು ಮಡಚುವುದಿಲ್ಲ, ಜೊತೆಗೆ ದಮ್ಮಿನ ಬೇನೆ. ಗೋಕಾವಿಯ ಹತ್ತಿರದ ನಮ್ಮ ಹಳ್ಳಿಯ ಮನೆಯ ಮಾಳಿಗೆ ಈ ವರ್ಷ ಇಳಿಸಬೇಕಾಗಿತ್ತು. "ಇಳಿಸೂಕಿಂತ ಮೊದಲ ಒಂದ್ಸಲ ಕಣ್ಣೀಲೆ ನೋಡಿ ಬರ್ತೀನೋ ತಮ್ಮಾ" ಎಂದು ಅವಳು ಹಿಡಿದ ಹಟ ಬಿಡಲಿಲ್ಲ. ಕಲ್ಯಾಣದ ಪ್ಲಾಟ್‌ಫಾರ್ಮಿನ ಮೆಟ್ಟಿಲು ಹತ್ತಿಸಿ, ರೈಲಿನ ಶೌಚಕ್ಕೆ ಕೈಹಿಡಿದು ನಡೆಸಿ ಒಯ್ಯುವುದು ಆಗದ ಮಾತು. ಆಗ ಠಾಣೆಯಲ್ಲಿರುವ ನನ್ನ ಹೆಂಡತಿಯ ಅಣ್ಣ ಒಂದು ಉಪಾಯ ಹೇಳಿದರು: ಕ್ಯಾರವಾನ್ ಬಾಡಿಗೆಗೆ ಹಿಡಿಯೋಣ. ಮಹಾರಾಷ್ಟ್ರ ಸರಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ಧೋರಣೆಯನ್ನು ಹೊರಡಿಸಿದ ಮೇಲೆ ಇಂಥ ಬಂಡಿಗಳ ಹೆಸರು ನಮ್ಮಂಥವರ ಕಿವಿಗೂ ಬಿದ್ದಿದೆ. ಒಳಗೆ ಮಂಚ, ಒಲೆ, ಚಿಕ್ಕ ಫ್ರಿಜ್ಜು, ಶೌಚದ ಕೋಣೆ ಎಲ್ಲ ಇರುತ್ತವೆ. ನಾಲ್ಕು ಮನೆಯವರು ಹಣ ಕೂಡಿಸಿ ಒಂದನ್ನು ಗೊತ್ತು ಮಾಡಿದೆವು.

ಬೆಳಗಿನ ಆರಕ್ಕೆ ಹೊರಟು ಪನವೇಲ, ಪುಣೆ, ಸಾತಾರೆ, ಕರಾಡ ದಾಟಿ, ಅವ್ವನಿಗಾಗಿ ಅಲ್ಲಲ್ಲಿ ನಿಂತು, ಕತ್ತಲಾಗುವ ಹೊತ್ತಿಗೆ ಕೊಲ್ಹಾಪುರದ ಆಚೆ ಕಾಗಲದ ಹತ್ತಿರ ಒಂದು ಢಾಬಾದ ಅಂಗಳದಲ್ಲಿ ಬಂಡಿ ನಿಲ್ಲಿಸಿದೆವು. ಢಾಬಾದವನು ತನ್ನ ಪ್ಲಗ್ಗಿನಿಂದ ನಮ್ಮ ಬಂಡಿಗೆ ಕರೆಂಟು ಕೊಟ್ಟನು. ಊಟವಾಯಿತು, ಎಲ್ಲರೂ ಮಲಗಿದೆವು.

ರಾತ್ರಿ ಎರಡೂವರೆಗೆ ಮಳೆಗಾಳಿಗೆ ಢಾಬಾದ ಕರೆಂಟು ಹೋಯಿತು. ಅದೇ ಹೊತ್ತಿಗೆ ಅವ್ವನಿಗೆ ದಮ್ಮು ಎದ್ದಿತು. ನೆಬ್ಯುಲೈಜರ್ ಯಂತ್ರವನ್ನು ಹಚ್ಚಿದರೆ ಇನ್ವರ್ಟರು ಎರಡು ಸಲ ಕೀ ಕೀ ಎಂದು ಕೂಗಿ ಸುಮ್ಮನಾಯಿತು. ದೀಪಗಳು ಮಿಣುಕಿದವು. ಮತ್ತೆ ಹಚ್ಚಿದರೆ ಮತ್ತೆ ಅದೇ ಕತೆ. ಕೈಯಲ್ಲಿ ಹಿಡಿದು ಸೇದುವ ಪಂಪು ಎಲ್ಲಿ ಎಂದರೆ, ಅದು ಡೊಂಬಿವಲಿಯ ಕಪಾಟಿನಲ್ಲಿಯೇ ಉಳಿದಿತ್ತು. ಆ ಬಗ್ಗೆ ನನ್ನ ಹೆಂಡತಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಆಡಿದ್ದು ನ್ಯಾಯವಾಗಿಯೇ ಇತ್ತು.

ಚಾಲಕನು ಎದ್ದು ಬಂದು ಇಂಜಿನು ಚಾಲೂ ಮಾಡಿದನು. ಆಶ್ಚರ್ಯ! ಯಂತ್ರ ಗುರ್ರೆಂದು ನಡೆಯಿತು. ಅವ್ವ ಹತ್ತು ನಿಮಿಷ ಔಷಧದ ಹಬೆ ಸೇದಿ, ಬೆವರು ಒರೆಸಿಕೊಂಡು, "ಈಗ ಹಗುರಾತು, ನೀವು ಮಲ್ಕೋರಿ" ಎಂದಳು. ಇಂಜಿನು ನಿಲ್ಲಿಸಿ ನೋಡಿದರೆ ಮತ್ತೆ ಕೀ ಕೀ. ಚಾಲಕನು ತೀರ್ಪು ಕೊಟ್ಟುಬಿಟ್ಟನು: "ಸಾಹೇಬ, ಬ್ಯಾಟರಿ ಗೇಲೀ." ಬೆಳಗಾದ ಮೇಲೆ ಕೊಲ್ಹಾಪುರದಿಂದ ಹೊಸ ಬ್ಯಾಟರಿ ತರಿಸಬೇಕು, ಹದಿನೈದು ಸಾವಿರವಾದರೂ ಆದೀತು ಎಂದು ಲೆಕ್ಕವನ್ನೂ ಹೇಳಿದನು.

"ಹಾಂಗಾದರ ಇಂಜಿನ್ನು ರಾತ್ರಿಯೆಲ್ಲಾ ನಡೀಲಿ ಬಿಡ್ರಿ" ಎಂದರು ನಮ್ಮ ಭಾವ. ನಾನು ಒಪ್ಪಲಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಯ ಬದಿಗೆ ನಿಂತ ಕ್ಯಾರವಾನಿನೊಳಗೆ ಇಬ್ಬರು ಸತ್ತುಬಿದ್ದುದನ್ನು ಪತ್ರಿಕೆಗಳಲ್ಲಿ ಓದಿದ್ದೆ. ಜನರೇಟರಿನ ಹೊಗೆಯಲ್ಲಿಯ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದ್ದೇ ಕಾರಣವೆಂದು ಆಮೇಲೆ ಗೊತ್ತಾಯಿತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನನ್ನು ಎಬ್ಬಿಸುವುದೂ ಇಲ್ಲ. ನಿಂತ ಬಂಡಿಯಲ್ಲಿ ಇಂಜಿನನ್ನಾಗಲಿ ಜನರೇಟರನ್ನಾಗಲಿ ನಡೆಯಿಸುತ್ತ ಮಲಗಬಾರದೆಂಬುದು ಮೊದಲನೆಯ ಪಾಠ. ಅವ್ವನಿಗೆ ಮತ್ತೆ ದಮ್ಮು ಎದ್ದರೆ ಹತ್ತು ನಿಮಿಷದ ಮಟ್ಟಿಗೆ ಕಿಟಕಿ ತೆರೆದು, ಎಲ್ಲರೂ ಎಚ್ಚರವಿದ್ದು ಚಾಲೂ ಮಾಡೋಣ, ಅಷ್ಟರಲ್ಲಿ ದೋಷ ಹುಡುಕೋಣ ಎಂದೆನು.

ಇಲ್ಲಿ ಸ್ವಲ್ಪ ನಿಂತು, ಇಂಥ ಬಂಡಿಗೆ ಕರೆಂಟು ಎಲ್ಲಿಂದ ಬರುತ್ತದೆಂಬುದನ್ನು ಹೇಳಬೇಕು. ಬರುವ ದಾರಿಗಳು ಮೂರು. ಓಡುವಾಗ ಇಂಜಿನಿನ ಆಲ್ಟರ್ನೇಟರು ಕೊಡುತ್ತದೆ. ನಿಂತಾಗ ಹೊರಗಿನ 230 ವೋಲ್ಟಿನ ಪ್ಲಗ್ಗು ಕೊಡುತ್ತದೆ. ಕೆಲವು ಬಂಡಿಗಳ ನೆತ್ತಿಯ ಮೇಲೆ ಸೌರ ಫಲಕಗಳಿದ್ದು, ಬಿಸಿಲು ಕೊಡುತ್ತದೆ. ಕೂಡಿಡುವ ಕಣಜವೆಂದರೆ ಮನೆಯ ಬ್ಯಾಟರಿ. ಇಂಜಿನು ಚಾಲೂ ಮಾಡುವ ಬ್ಯಾಟರಿ ಬೇರೆ. ಖರ್ಚಿನ ದಾರಿಗಳು ಎರಡು: ದೀಪ, ಫ್ಯಾನು, ನೀರಿನ ಪಂಪು ನೇರವಾಗಿ 12 ವೋಲ್ಟಿನಲ್ಲಿ ನಡೆಯುತ್ತವೆ. ಮಿಕ್ಸರು, ನೆಬ್ಯುಲೈಜರುಗಳಿಗೆ ಇನ್ವರ್ಟರು ಅದನ್ನೇ 230 ಮಾಡಿ ಕೊಡುತ್ತದೆ.

ಈಗ ನನ್ನ ಗುಮಾಸ್ತಿಕೆಗೆ ಬರೋಣ. ಕಚೇರಿಯಲ್ಲಿ ಕಡತ ಕಳೆಯಿತೆಂದು ಕೂಗು ಎದ್ದರೆ ಹೊಸಬನು ಇಡೀ ಕಪಾಟನ್ನು ಕೆಡವುತ್ತಾನೆ. ಹಳಬನು ಹಾಗೆ ಮಾಡುವುದಿಲ್ಲ. ಆವಕ ಜಾವಕದ ಪುಸ್ತಕ ಹಿಡಿದು, ಯಾವ ಮೇಜಿನವರೆಗೆ ಬಂದಿದೆ, ಯಾವ ಮೇಜಿನಿಂದ ಮುಂದೆ ಹೋಗಿಲ್ಲ ಎಂದು ನೋಡುತ್ತಾನೆ. ಕಡತ ಆ ಎರಡರ ನಡುವೆಯೇ ಕುಳಿತಿರಬೇಕಷ್ಟೆ. ವಿದ್ಯುತ್ತೂ ಒಂದು ಕಡತವೇ. ಬ್ಯಾಟರಿಯಿಂದ ಹೊರಟು ಫ್ಯೂಜು, ತಂತಿ, ಇನ್ವರ್ಟರು ಎಂದು ಮೇಜಿನಿಂದ ಮೇಜಿಗೆ ನಡೆಯುತ್ತದೆ. ಮರಳಿ ಬ್ಯಾಟರಿಗೆ ಬಂದು ಸೇರಬೇಕೆಂಬುದು ಮಾತ್ರ ಕಚೇರಿಗಿಂತ ಬೇರೆ.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಹಿಂದೆಂದೋ ಕೊಂಡ ಒಂದು ಮಲ್ಟಿಮೀಟರು ನನ್ನ ಚೀಲದಲ್ಲಿತ್ತು. ಬ್ಯಾಟರಿಯ ಎರಡು ಗೂಟಗಳಿಗೆ ಹಿಡಿದೆ: 12.6 ವೋಲ್ಟು. ಸೀಸದ ಬ್ಯಾಟರಿ ತುಂಬಿದಾಗ, ಕೆಲಸವಿಲ್ಲದೆ ಕೆಲ ತಾಸು ವಿಶ್ರಮಿಸಿದ ಮೇಲೆ, ಸುಮಾರು 12.7 ತೋರಿಸುತ್ತದೆ. 12.2 ಇದ್ದರೆ ಅರ್ಧ ಖಾಲಿ, 11.8ಕ್ಕೆ ಬಂದರೆ ಬಹುಮಟ್ಟಿಗೆ ಬರಿದು. ಹಾಗಾದರೆ ನಮ್ಮದು ತುಂಬಿದೆ. ಆದರೆ ಇದನ್ನೇ ನಂಬಿ ಕೂಡ್ರಬಾರದು. ಸುಮ್ಮನೆ ಕುಳಿತ ಗುಮಾಸ್ತನೂ ದಕ್ಷನಂತೆಯೇ ಕಾಣುತ್ತಾನೆ. ಕೆಲಸ ಕೊಟ್ಟು ನೋಡಬೇಕು.

ಔಷಧವಿಲ್ಲದ ಬರಿಯ ಯಂತ್ರವನ್ನು ಹಚ್ಚಲು ಹೆಂಡತಿಗೆ ಹೇಳಿ, ಇನ್ವರ್ಟರು ಕೂಗುತ್ತಿರುವಾಗಲೇ ಅಳೆದೆ. ಬ್ಯಾಟರಿಯ ಗೂಟಗಳಲ್ಲಿ 12.4. ಅಂದರೆ ಬ್ಯಾಟರಿ ನಿರಪರಾಧಿ. ಭಾರ ಹೊತ್ತರೂ ಕುಸಿದಿಲ್ಲ. ಮುಂದಿನ ಸಲ ಇನ್ವರ್ಟರಿನ ಬಾಯಿಗೆ ಹಿಡಿದೆ: 10.4! ಇನ್ವರ್ಟರುಗಳು ಸಾಮಾನ್ಯವಾಗಿ 10.5ರ ಸುಮಾರಿಗೆ ತಾವಾಗಿ ನಿಲ್ಲುತ್ತವೆ. ಎರಡು ವೋಲ್ಟು ನಡುದಾರಿಯಲ್ಲಿ ಸೋರಿಹೋಗಿತ್ತು.

ದಾರಿ ಎರಡು, ಹೋಗುವುದು ಮತ್ತು ಬರುವುದು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನ ಗೂಟಕ್ಕೂ ಇನ್ನೊಂದನ್ನು ಇನ್ವರ್ಟರಿನ ಧನಕ್ಕೂ ಹಚ್ಚಿದಾಗ, ಫ್ಯೂಜು ಸಹಿತ ಆ ದಾರಿಯಲ್ಲಿ ಕಳೆದದ್ದು 0.1 ವೋಲ್ಟು ಮಾತ್ರ. ಋಣದ ಕಡೆ ಅಳೆದರೆ 1.9. ಒಂದೊಂದೇ ಗೇಣು ಮುಂದೆ ಸರಿದು ನೋಡುತ್ತ ಹೋದಂತೆ, ಅದರಲ್ಲಿ 1.8 ಒಂದೇ ಕಡೆ ಸಿಕ್ಕಿತು: ಬ್ಯಾಟರಿಯ ಋಣ ತಂತಿಯನ್ನು ಬಂಡಿಯ ಚಾಸಿಗೆ ಬಿಗಿದ ಬೋಲ್ಟಿನಲ್ಲಿ. ಟಾರ್ಚು ಹಿಡಿದು ನೋಡಿದರೆ ತಂತಿಯ ತುದಿಯ ತಾಮ್ರದ ಲಗ್ಗಿನ ಮೇಲೆ ಹಸಿರು ಕಿಲುಬು, ಕೆಳಗೆ ತುಕ್ಕು, ಬೋಲ್ಟು ಸಡಿಲ. ಮುಟ್ಟಿದರೆ ಬೆಚ್ಚಗಿತ್ತು. 120 ವ್ಯಾಟಿನ ಯಂತ್ರಕ್ಕೆ 12 ವೋಲ್ಟಿನಲ್ಲಿ ಸುಮಾರು 12-13 ಆಂಪಿಯರ್ ಹರಿಯಬೇಕು, 1.8 ವೋಲ್ಟು ಅಲ್ಲಿ ತಡೆದರೆ 20 ವ್ಯಾಟಿಗೂ ಮಿಕ್ಕ ಶಕ್ತಿ ಕಾವಾಗಿ ಹೋಗುತ್ತದೆ. ಬೆಸುಗೆಯ ಸಣ್ಣ ಕಡ್ಡಿಯ ಕಾವೂ ಇಷ್ಟೇ. ಹೆಚ್ಚಿನ ಭಾರವನ್ನು ಬಹಳ ಹೊತ್ತು ಹೊರಿಸಿದ್ದರೆ ಬೆಂಕಿಯೇ ಹತ್ತಬಹುದಾಗಿತ್ತು.

ಹಾಗಾದರೆ ಇಂಜಿನು ಚಾಲೂ ಇದ್ದಾಗ ಯಂತ್ರ ಏಕೆ ನಡೆಯಿತು? ಆಗ ಆಲ್ಟರ್ನೇಟರಿನ 14 ವೋಲ್ಟು ಚಾಸಿಯ ಮೂಲಕ ನೇರವಾಗಿ ಇನ್ವರ್ಟರಿಗೆ ಬರುತ್ತದೆ. ಕೆಟ್ಟ ಬೋಲ್ಟಿನ ಹಂಗು ಅದಕ್ಕಿಲ್ಲ. ಇಂಜಿನು ನಿಂತಾಗ ಮಾತ್ರ ಎಲ್ಲವೂ ಆ ಬೋಲ್ಟಿನ ಮೂಲಕವೇ ಹಾಯಬೇಕು. ಚಾಲಕನ ತರ್ಕ ತಪ್ಪಾಗಿರಲಿಲ್ಲ, ಅರ್ಧಕ್ಕೇ ನಿಂತಿತ್ತು. ಹೊಸ ಬ್ಯಾಟರಿ ತಂದಿದ್ದರೂ ಹದಿನೈದು ಸಾವಿರ ಹೋಗಿ ಕೀ ಕೀ ಎಂಬ ಕೂಗು ಮಾತ್ರ ಉಳಿಯುತ್ತಿತ್ತು.

ಎಲ್ಲವನ್ನೂ ಬಂದು ಮಾಡಿ, ಕೈಯುಂಗುರ ತೆಗೆದಿಟ್ಟು, ಮೊದಲು ಬ್ಯಾಟರಿಯ ಋಣ ಗೂಟದ ತಂತಿ ಬಿಚ್ಚಿದೆವು. ಬಿಚ್ಚುವಾಗ ಋಣ ಮೊದಲು, ಕೂಡಿಸುವಾಗ ಋಣ ಕೊನೆಗೆ: ಇದು ಮರೆಯಬಾರದ ಕ್ರಮ. ಇಲ್ಲವಾದರೆ ಪಾನಾ ಚಾಸಿಗೆ ತಗಲಿ ಕಿಡಿ ಹಾರುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಏಳುವ ಜಲಜನಕ ಅನಿಲಕ್ಕೆ ಒಂದು ಕಿಡಿ ಸಾಕು. ಬೋಲ್ಟು ಬಿಚ್ಚಿ, ಉಪ್ಪು ಕಾಗದದಿಂದ ಲೋಹ ಹೊಳೆಯುವತನಕ ಎರಡೂ ಕಡೆ ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನು ಸವರಿದೆವು. ವ್ಯಾಸಲೀನು ಅವ್ವನ ಚೀಲದ್ದು. ಯಂತ್ರ ಹಚ್ಚಿದಾಗ ಇನ್ವರ್ಟರು ಕೂಗಲಿಲ್ಲ. ಅದರ ಬಾಯಿಯಲ್ಲಿ 12.2 ನಿಂತಿತ್ತು. ಗಡಿಯಾರದಲ್ಲಿ ನಾಲ್ಕೂ ಕಾಲು.

ಕ್ಯಾರವಾನಿನ ಉಸಾಬರಿ ನಮಗೇಕೆಂದು ಕೇಳಬಹುದು. ನಮ್ಮ ಬ್ಲಾಕುಗಳಲ್ಲಿ ಮೂಲೆಗೆ ಕುಳಿತ ಇನ್ವರ್ಟರಿಗೂ ಇದೇ ನ್ಯಾಯ. ಬ್ಯಾಟರಿಯ ಗೂಟಗಳಲ್ಲಿ ಬಿಳಿ ಹಸಿರು ಪುಡಿ ಕಂಡರೆ, ತಂತಿ ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಒಣಗಿಸಿ ಬಿಗಿಯಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಒಳಗೆ ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ನಳದ ನೀರಲ್ಲ. ಫ್ಯೂಜು ಸುಟ್ಟರೆ ದಪ್ಪ ತಂತಿ ಸುತ್ತಬೇಡಿರಿ. ಅದು ಕಾವಲುಗಾರನಿಗೆ ನಿದ್ದೆಯ ಗುಳಿಗೆ ಕೊಟ್ಟಂತೆ. 230 ವೋಲ್ಟಿನ ಕಡೆಯ ದೋಷಕ್ಕೆ ಮಾತ್ರ ಬಲ್ಲ ವೈರಮನ್ನನನ್ನೇ ಕರೆಯಿರಿ, ಅಲ್ಲಿ ಸಾಹಸ ಬೇಡ.

ಜಮಾಖರ್ಚನ್ನೂ ಇಟ್ಟಿರಬೇಕು. 150 ಆಂಪಿಯರ್ ತಾಸಿನ 12 ವೋಲ್ಟಿನ ಬ್ಯಾಟರಿಯಲ್ಲಿ 1800 ವ್ಯಾಟ್ ತಾಸು ಜಮೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧ, ಅಂದರೆ 900 ಮಾತ್ರ ಖರ್ಚಿಗೆ. 25 ವ್ಯಾಟಿನ ಫ್ಯಾನು ಹತ್ತು ತಾಸು ನಡೆದರೆ 250, ಹತ್ತು ವ್ಯಾಟಿನ ದೀಪ ನಾಲ್ಕು ತಾಸಿಗೆ 40, ಅವ್ವನ ಯಂತ್ರ ಕಾಲು ತಾಸಿಗೆ 30. ಇವೆಲ್ಲ ನಡೆಯುತ್ತವೆ. 2000 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದರೆ 170 ಆಂಪಿಯರ್ ಹರಿಯಬೇಕು. ಅದು ಗುಮಾಸ್ತನ ಸಂಬಳದಲ್ಲಿ ಸಾಹೇಬರ ಮದುವೆ ಮಾಡಿದಂತೆ.

ಮರುದಿನ ಸಂಕೇಶ್ವರದ ಮೇಲೆ ಹಾಯ್ದು ಮಧ್ಯಾಹ್ನಕ್ಕೆ ಊರು ಮುಟ್ಟಿದೆವು. ಅವ್ವ ಹೊಸ್ತಿಲ ಮೇಲೆ ಕುಳಿತು, ಮಾಳಿಗೆಯ ತೊಲೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ, "ನಿಮ್ಮಪ್ಪ ಇದನ್ನ ಕಟ್ಟಿಸಿದಾಗ ಮನ್ಯಾಗ ಕರೆಂಟ ಇರಲಿಲ್ಲ. ಕಂದೀಲ ಒರೆಸಿ ಬತ್ತಿ ಕತ್ತರಿಸೂದು ನನ್ನ ಕೆಲಸಿತ್ತು. ಬತ್ತಿ ಕರೆ ಕಟ್ಟಿದರ ಎಣ್ಣಿ ಎಷ್ಟ ಇದ್ರೂ ದೀಪ ಮಂಕ" ಎಂದಳು.

ನಾನು ರಾತ್ರಿಯೆಲ್ಲ ಮೀಟರು ಹಿಡಿದು ಕಂಡುಕೊಂಡದ್ದು ಅಷ್ಟೇ. ಕೈಪಂಪನ್ನು ಈಗ ನನ್ನ ಅಂಗಿಯ ಕಿಸೆಯಲ್ಲಿಯೇ ಇಟ್ಟುಕೊಳ್ಳುತ್ತೇನೆ.